ಬಿಲ್ಲಿನಲ್ಲಿ ‘ಕರ್ನಾಟಕ’ ಬರೆಸಿ



ನಮ್ಮ ಓಣಿಯಲ್ಲಿ ಮದುವೆ ನಿಕ್ಕಿಯಾದರೆ ಜವಳಿಗೆ ಸೊಲ್ಲಾಪುರಕ್ಕೆ ಹೋಗುವುದು ರೂಢಿ. ಮೊನ್ನೆ ತಂದ ಸೀರೆ, ಚಾದರದ ಬಿಲ್ ಬಿಚ್ಚಿ ನೋಡಿದೆ: ಅರ್ಧ ತೆರಿಗೆ ಕೇಂದ್ರಕ್ಕೆ, ಇನ್ನರ್ಧ ಮಹಾರಾಷ್ಟ್ರಕ್ಕೆ. ಉಡುವವರು, ಹೊದೆಯುವವರು ನಾವು. ನಮ್ಮ ರಾಜ್ಯಕ್ಕೆ ಬಿಡಿಗಾಸೂ ಇಲ್ಲ. 2023ರ ಅಕ್ಟೋಬರ್ 1ರಿಂದ ನಿಯಮ ಬದಲಾಗಿದೆ. ಬಿಲ್ಲಿನಲ್ಲಿ ಗಿರಾಕಿಯ ರಾಜ್ಯದ ಹೆಸರು ದಾಖಲಾದರೆ ಸಾಕು, ರಾಜ್ಯಗಳ ನಡುವಿನ ಮಾರಾಟದ ತೆರಿಗೆ (ಐಜಿಎಸ್‌ಟಿ) ಬೀಳುತ್ತದೆ. ರಾಜ್ಯದ ಪಾಲು ಕರ್ನಾಟಕಕ್ಕೆ ಬರುತ್ತದೆ. ನಮಗೆ ಒಂದು ಪೈಸೆಯೂ ಹೆಚ್ಚಾಗದು. ಬರೆಸದಿದ್ದರೆ ಆ ಪಾಲು ಅಂಗಡಿಯಿರುವ ರಾಜ್ಯಕ್ಕೇ ಹೋಗುತ್ತದೆ. ವಾಣಿಜ್ಯ ತೆರಿಗೆ ಇಲಾಖೆ ಇದನ್ನು ಗಡಿ ಊರುಗಳಲ್ಲಿ ಸಾರಿ ಹೇಳಬೇಕು. ತಿಕೋಟಾ, ಬಬಲೇಶ್ವರದಿಂದ ಜತ್ತ, ಮೀರಜ್ ಕಡೆ ಖರೀದಿಗೆ ಹೋಗುವವರೂ ಗಲ್ಲೆಯ ಮುಂದೆ ನಿಂತಾಗ ‘ಕರ್ನಾಟಕ ಅಂತ ಬರೀರಿ’ ಎಂದು ದಯವಿಟ್ಟು ಕೇಳಿ.

— ಓದುಗ, ಜೋರಾಪುರ ಪೇಟೆ, ವಿಜಯಪುರ