ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ

ಈ ಗಾದೆ ನಿಮಗೆಲ್ಲ ಗೊತ್ತು. ಭೇದ ಮಾಡೋರನ್ನ ಬೈಯೋಕೆ ನಮ್ಮ ಹಿರಿಯರು ಆಡುತ್ತಿದ್ದ ಮಾತು. ಈ ಸಲ ನಾವು ಅದನ್ನು ಗಾದೆ ಅಂತ ಬಿಟ್ಟುಬಿಡದೆ ನಿಜವಾಗಿಯೇ ಕೇಳುತ್ತೇವೆ. ಬೆಣ್ಣೆ ಯಾರ ಪಾಲಿಗೆ ಹೋಯಿತು? ಸುಣ್ಣ ಯಾರ ಕಣ್ಣಿಗೆ ಬಿತ್ತು?

ಹೈಸ್ಕೂಲಿನಲ್ಲಿ ಮೇಷ್ಟ್ರು ನಿಮ್ಮ ಕೈಗೆ ಸುಣ್ಣದ ತಿಳಿನೀರು ಕೊಟ್ಟು ಊದಿ ಅಂದಿರುತ್ತಾರೆ. ಊದಿದಿರಿ, ನೀರು ಹಾಲಿನ ಹಾಗಾಯಿತು. ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಇದೆ ಅಂತ ಬರೆದಿರಿ, ಮಾರ್ಕ್ಸು ಬಂತು. ಆ ಸುಣ್ಣವನ್ನು ಸುಟ್ಟವರು ಯಾರು, ಅರಳಿಸಿದವರು ಯಾರು, ಅದು ಎಲ್ಲೆಲ್ಲಿಗೆ ಹೋಗುತ್ತದೆ, ಯಾರ ಕೈಯನ್ನು ತಿನ್ನುತ್ತದೆ ಅನ್ನೋದು ಮಾತ್ರ ಪುಸ್ತಕದಲ್ಲಿ ಇರಲಿಲ್ಲ. ಪರೀಕ್ಷೆಗೆ ಬಾರದ ಆ ಪಾಠ ಇಲ್ಲಿದೆ.

ಲೆಕ್ಕ ಸರಳ. 100 ಕಿಲೋ ಶುದ್ಧ ಸುಣ್ಣಕಲ್ಲನ್ನು ಗೂಡಿನಲ್ಲಿ 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಪೂರ್ತಿ ಸುಟ್ಟರೆ 44 ಕಿಲೋ ಅನಿಲವಾಗಿ ಹಾರಿಹೋಗುತ್ತದೆ. 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಸೋಕಿದರೆ ಭುಸ್ಸೆಂದು ಬಿಸಿ ಏರುತ್ತದೆ. 18 ಕಿಲೋ ನೀರನ್ನು ಒಳಗೆಳೆದುಕೊಂಡು 74 ಕಿಲೋ ಅರಳಿದ ಸುಣ್ಣ ಆಗುತ್ತದೆ. ಪುಸ್ತಕದಲ್ಲಿ ಇದರ ಹೆಸರು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಒಣಪುಡಿ ಮಾಡಿ ಚೀಲಕ್ಕೆ ತುಂಬಿದರೆ ಹೈಡ್ರೇಟೆಡ್ ಲೈಮ್. ಅಜ್ಜಿ ಎಲೆಗೆ ಹಚ್ಚಿದ್ದು, ಹಬ್ಬಕ್ಕೆ ಮುಂಚೆ ಅವ್ವ ಗೋಡೆಗೆ ಬಳಿದದ್ದು ಇದೇ. ಇದರ ತಿಳಿನೀರಿನ ಪಿಎಚ್ 12ಕ್ಕೂ ಮೇಲೆ. ಅಂದರೆ ಬಲವಾದ ಕ್ಷಾರ. ಕೆಲಸ ಮಾಡುವುದೂ ಈ ಗುಣವೇ, ಕೈ ಸುಡುವುದೂ ಈ ಗುಣವೇ.

ಈಗ ನಮ್ಮ ಕೇರಿಗೆ ಬನ್ನಿ. ಸತ್ತ ದನದ ತೊಗಲನ್ನು ನಮ್ಮವರು ಸುಣ್ಣದ ಗುಂಡಿಯಲ್ಲಿ ದಿನಗಟ್ಟಲೆ ನೆನೆಹಾಕುತ್ತಿದ್ದರು. ಸುಣ್ಣ ಕೂದಲಿನ ಬೇರು ಸಡಿಲಿಸುತ್ತದೆ, ಕೊಬ್ಬನ್ನು ಸಾಬೂನು ಮಾಡುತ್ತದೆ, ತೊಗಲಿನ ಎಳೆಗಳನ್ನು ಉಬ್ಬಿಸಿ ಬಿಡಿಸುತ್ತದೆ. ಆಮೇಲೆ ಕೂದಲು ಹೆರೆದು, ಸುಣ್ಣ ಹೋಗುವ ತನಕ ತೊಳೆದು, ತಂಗಡಿ ಚಕ್ಕೆಯ ರಸದಲ್ಲಿ ಹದ ಹಾಕಬೇಕು. ಸುಣ್ಣ ಕಡಿಮೆಯಾದರೆ ಕೂದಲು ಬಿಡದು, ಹೆಚ್ಚಾದರೆ ತೊಗಲು ಸತ್ವ ಕಳೆದುಕೊಳ್ಳುತ್ತದೆ. ಎಷ್ಟು ಸುಣ್ಣ, ಎಷ್ಟು ದಿನ ಅನ್ನೋದನ್ನ ಅಜ್ಜಂದಿರು ಬೆರಳಿಂದ ಒತ್ತಿ ನೋಡಿ ಹೇಳುತ್ತಿದ್ದರು. ಇದು ರಸಾಯನಶಾಸ್ತ್ರ ಅಲ್ಲದೆ ಮತ್ತೇನು? 1799ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನೆಂಟ್ ಅರಳಿದ ಸುಣ್ಣಕ್ಕೆ ಕ್ಲೋರಿನ್ ಹಾಯಿಸಿ ಬ್ಲೀಚಿಂಗ್ ಪುಡಿ ಮಾಡುವುದಕ್ಕೆ ಪೇಟೆಂಟ್ ಪಡೆದ. ಅವನ ಹೆಸರು ಪುಸ್ತಕದಲ್ಲಿದೆ, ಇರಲಿ. ಸುಣ್ಣದ ಗುಣವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದ ನಮ್ಮಜ್ಜನಿಗೆ ಸಿಕ್ಕಿದ್ದು ಊರಾಚೆಯ ಜಾಗ. ಅವನು ಹದ ಮಾಡಿದ ಚರ್ಮದ ಮಿಣಿ, ಬಾರುಕೋಲು, ಚಪ್ಪಲಿ ಊರೊಳಗೆ ಹೋದವು. ಅವನು ಮಾತ್ರ ಹೋಗುವ ಹಾಗಿರಲಿಲ್ಲ.

ಇವತ್ತಿನ ಟ್ಯಾನರಿಗಳಲ್ಲಿ ಸುಣ್ಣದ ಜೊತೆ ಸೋಡಿಯಂ ಸಲ್ಫೈಡ್ ಸೇರಿಸುತ್ತಾರೆ. ಕೂದಲು ಬೇಗ ಉದುರುತ್ತದೆ. ಆದರೆ ಆ ಕೊಳೆನೀರಿಗೆ ಆಮ್ಲ ಬೆರೆತರೆ ಹೈಡ್ರೋಜನ್ ಸಲ್ಫೈಡ್ ಅನ್ನುವ ವಿಷದ ಗಾಳಿ ಏಳುತ್ತದೆ. ಅದು ತುಂಬಿದ ಗುಂಡಿಗೆ ಇಳಿದವನು ಮೇಲೆ ಬರುವುದು ಕಷ್ಟ. ಹಾಗೆ ಇಳಿಸುವುದು ಯಾರ ಮಕ್ಕಳನ್ನ ಅಂತ ನಿಮಗೆ ನಾವು ಹೇಳಬೇಕಾಗಿಲ್ಲ.

ಸಕ್ಕರೆಗೆ ಬನ್ನಿ. ಕಬ್ಬಿನ ಹಾಲು ಸ್ವಲ್ಪ ಹುಳಿ. ಹಾಗೇ ಕಾಯಿಸಿದರೆ ಸಕ್ಕರೆ ಒಡೆದುಹೋಗುತ್ತದೆ, ಹರಳುಗಟ್ಟುವುದಿಲ್ಲ. ಅದಕ್ಕೇ ಆಲೆಮನೆಯಲ್ಲೂ ಕೊಪ್ಪರಿಗೆಗೆ ಸುಣ್ಣ ಹಾಕುತ್ತಾರೆ. ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯ ದೊಡ್ಡ ಕಾರ್ಖಾನೆಗಳಿಗೂ ಸುಣ್ಣದ ಹಾಲು ಬೇಕೇ ಬೇಕು. ಸುಣ್ಣ ಹುಳಿಯನ್ನು ಕೊಲ್ಲುತ್ತದೆ, ಕೊಳೆಯನ್ನು ಗಸಿಯಾಗಿ ಕೆಳಗಿಳಿಸುತ್ತದೆ. ನಿಮ್ಮ ಹಾಸ್ಟೆಲಿನ ಚಹಾದ ಸಕ್ಕರೆಯೂ ಹೀಗೆ ಸುಣ್ಣದ ಕೈ ದಾಟಿ ಬಂದದ್ದೇ. ದೇವಸ್ಥಾನದ ಪ್ರಸಾದದ್ದೂ ಅಷ್ಟೇ. ಸಕ್ಕರೆಗೆ ಮೈಲಿಗೆ ಇಲ್ಲ. ಸುಣ್ಣದ ಚೀಲ ಹೊತ್ತವನಿಗೆ ಮಾತ್ರ ಮೈಲಿಗೆ!

ಇನ್ನು ಶುದ್ಧಿಯ ಮಾತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚೌದಾರ ಕೆರೆಯ ನೀರು ಮುಟ್ಟಿದರು, ಕುಡಿದರು. ಆಮೇಲೆ ಅಲ್ಲಿನ ಸವರ್ಣೀಯರು ಕೆರೆ ಕೆಟ್ಟಿತೆಂದು 108 ಗಡಿಗೆ ಸಗಣಿ, ಗಂಜಲ, ಹಾಲು, ಮೊಸರು ಸುರಿದು ‘ಶುದ್ಧಿ’ ಮಾಡಿದರು. ಬಾಂಬೆ ಹೈಕೋರ್ಟಿನಲ್ಲಿ ಆ ಕೆರೆಯ ಹಕ್ಕು ಗೆಲ್ಲಲು 1937ರವರೆಗೆ ಕಾಯಬೇಕಾಯಿತು. ನಿಜವಾದ ಶುದ್ಧಿ ಹೇಗೆ ನಡೆಯುತ್ತದೆ ಗೊತ್ತೇ? ಪಟ್ಟಣದ ನೀರಿಗೆ ಆಲಂ ಹಾಕಿ ಮಣ್ಣು ಇಳಿಸುತ್ತಾರೆ. ಅದರಿಂದ ನೀರು ಹುಳಿಯಾದರೆ ಸುಣ್ಣ ಹಾಕಿ ಸರಿಮಾಡುತ್ತಾರೆ. ಕ್ಲೋರಿನ್ನೋ ಬ್ಲೀಚಿಂಗ್ ಪುಡಿಯೋ ಹಾಕಿ ರೋಗಾಣು ಕೊಲ್ಲುತ್ತಾರೆ. ಆ ಬ್ಲೀಚಿಂಗ್ ಪುಡಿಯೂ ಸುಣ್ಣದ ಕೂಸೇ. ಬೆಳಗಿನ ಜಾವ ಚರಂಡಿ ಪಕ್ಕ ಬರಿಗೈಲಿ ಅದನ್ನು ಎರಚುವ ಪೌರಕಾರ್ಮಿಕ ತಾಯಿ ಯಾವ ಕೇರಿಯವಳು? ಊರನ್ನು ಶುದ್ಧ ಮಾಡುವವಳನ್ನೇ ಅಶುದ್ಧ ಅನ್ನುವ ಈ ಲೆಕ್ಕವನ್ನು ಯಾವ ಲ್ಯಾಬೂ ಒಪ್ಪುವುದಿಲ್ಲ.

ಕಣ್ಣಿನ ಮಾತಿಗೆ ಬರೋಣ. ಕ್ಷಾರ ಕಣ್ಣಿನೊಳಕ್ಕೆ ಇಳಿಯುತ್ತಲೇ ಹೋಗುತ್ತದೆ. ತಡಮಾಡಿದರೆ ದೃಷ್ಟಿಯೇ ಹೋಗಬಹುದು. ಇದನ್ನು ಬಾಯಿಪಾಠ ಮಾಡಿ, ರಜೆಗೆ ಹೋದಾಗ ಮನೆಯಲ್ಲಿ ಹೇಳಿ. ಸುಣ್ಣ ಬಿದ್ದರೆ ಕಣ್ಣು ಉಜ್ಜಬಾರದು. ರೆಪ್ಪೆ ಬಿಡಿಸಿ ಹಿಡಿದು ಒಳ್ಳೆ ನೀರನ್ನು ಕನಿಷ್ಠ 20 ನಿಮಿಷ ಬಿಡುತ್ತಲೇ ಇರಬೇಕು, ಆಮೇಲೆ ನೇರ ಆಸ್ಪತ್ರೆಗೆ. ನಿಂಬೆರಸ ಬೇಡ, ಎಣ್ಣೆ ಬೇಡ, ಬೆಣ್ಣೆಯೂ ಬೇಡ. ಮೈಮೇಲೆ ಸುಟ್ಟ ಸುಣ್ಣದ ಪುಡಿ ಬಿದ್ದರೆ ಮೊದಲು ಒಣಗಿದ್ದಂತೆಯೇ ಕೊಡವಿ, ಆಮೇಲೆ ಧಾರಾಳ ನೀರಲ್ಲಿ ತೊಳೆಯಿರಿ. ಸುಣ್ಣ ಅರಳಿಸುವಾಗ ನೀರಿಗೆ ಸ್ವಲ್ಪಸ್ವಲ್ಪವೇ ಸುಣ್ಣ ಹಾಕಿ, ಸುಣ್ಣದ ರಾಶಿಗೆ ನೀರು ಸುರಿಯಬೇಡಿ.

ಇಷ್ಟೆಲ್ಲ ಬರೆದರೂ, ಹತ್ತಿರದಲ್ಲಿ ನೀರೇ ಇಲ್ಲದಿದ್ದರೆ 20 ನಿಮಿಷ ತೊಳೆಯೋದು ಎಲ್ಲಿಂದ? 1948ರ ಕಾರ್ಖಾನೆ ಕಾಯ್ದೆ ಬರೆದಾಗಲೇ ಕಣ್ಣಿನ ರಕ್ಷಣೆಗೆ ಕನ್ನಡಕ, ಕೈಕಾಲು ತೊಳೆಯಲು ನೀರಿನ ಏರ್ಪಾಟು ಅಂತ ಬರೆದಿತ್ತು. ಕಾಯ್ದೆಯ ಹೆಸರು ಬದಲಾದರೂ ಈ ಹಕ್ಕು ಬದಲಾಗಬಾರದು. ಆದರೆ ಕಂಟ್ರಾಕ್ಟರ್ ತಂದು ನಿಲ್ಲಿಸಿದ ಕೂಲಿಯ ಹೆಸರು ಹಾಜರಿ ಪುಸ್ತಕದಲ್ಲೇ ಇಲ್ಲದಿದ್ದರೆ, ಕಣ್ಣು ಹೋದ ದಿನ ಅವನು ಅಲ್ಲಿ ಕೆಲಸಕ್ಕಿದ್ದ ಅನ್ನೋದಕ್ಕೆ ಸಾಕ್ಷಿ ಏನು?

ಆದ್ದರಿಂದ ನಾವು ಕೇಳುವುದು ಮೂರು. ಸುಣ್ಣ ಮುಟ್ಟುವ ಪ್ರತಿಯೊಬ್ಬರಿಗೂ ಕನ್ನಡಕ, ಗ್ಲೌಸು, ಬೂಟು. ಕೂಗಳತೆಯಲ್ಲಿ ಅಲ್ಲ, ಕೈಯಳತೆಯಲ್ಲಿ ನೀರಿನ ನಲ್ಲಿ. ಹಾಜರಿ ಪುಸ್ತಕದಲ್ಲಿ ಹೆಸರು.

ಹಾಸ್ಟೆಲಿನ ಗೆಳೆಯರೇ, ಗೆಳತಿಯರೇ, ನೀವು ಮಾಡಬೇಕಾದ್ದೂ ಇದೆ. ಸೈನ್ಸ್ ನಮಗಲ್ಲ ಅಂದುಕೊಂಡು ಲ್ಯಾಬಿನಲ್ಲಿ ಹಿಂದಿನ ಸಾಲಿಗೆ ಸರಿಯಬೇಡಿ. ಅಲ್ಲಿರುವ ಅರ್ಧ ಪಾಠ ನಿಮ್ಮಜ್ಜನ ಕೈಕೆಲಸ. ಊರಿಗೆ ಹೋದಾಗ ಸುಣ್ಣದ ಗೂಡಿಗೆ, ಟ್ಯಾನರಿಗೆ, ಕಾರ್ಖಾನೆ ಗೇಟಿಗೆ ಹೋಗಿ ನಿಲ್ಲಿ. ಕನ್ನಡಕ ಇದೆಯೇ, ನಲ್ಲಿ ಎಷ್ಟು ದೂರ ಅಂತ ಕೇಳಿ, ಬರೆದು ತನ್ನಿ. ಮುಂದಿನ ಸಂಚಿಕೆಯಲ್ಲಿ ಅಚ್ಚುಹಾಕುತ್ತೇವೆ.

ನಮ್ಮ ಎರಡು ಕಣ್ಣಿಗೂ ಬೆಣ್ಣೆ ಹಚ್ಚಿ ಅಂತ ನಾವು ಯಾರನ್ನೂ ಬೇಡುತ್ತಿಲ್ಲ. 1927ರಲ್ಲಿ ಕೇಳಿದ್ದು ನೀರು. ಇವತ್ತೂ ಕೇಳುತ್ತಿರುವುದು ನೀರೇ.

ಜೈ ಭೀಮ್.