ಆನೆ ತುಳಿದರೆ ದರ ಗೊತ್ತು, ಏಣಿಯಿಂದ ಬಿದ್ದರೆ?

ಆಲೂರು ತಾಲ್ಲೂಕಿನ ಕೆ. ಹೊಸಕೋಟೆಯ ಟೀ ಅಂಗಡಿಯಲ್ಲಿ ಯಾರನ್ನೇ ಕೇಳಿ, ಕಾಡಾನೆ ತುಳಿದು ಸತ್ತವರ ಮನೆಗೆ ಸರ್ಕಾರ ಎಷ್ಟು ಕೊಡುತ್ತದೆ ಎಂಬ ಲೆಕ್ಕ ಬಾಯಿಪಾಠ. ಒಂದು ಕಾಲಕ್ಕೆ 5 ಲಕ್ಷ, ಆಮೇಲೆ ಏಳೂವರೆ, 2022ರ ಕೊನೆಗೆ 15, 2025ರ ಬಜೆಟ್‌ನಲ್ಲಿ 20 ಲಕ್ಷ. ಈ ಏರಿಕೆ ತಾನಾಗಿ ಬಂದದ್ದಲ್ಲ. ಆಲೂರು, ಸಕಲೇಶಪುರ, ಬೇಲೂರು ಕಡೆ ಸಾವಾದಾಗಲೆಲ್ಲ ಜನ ರಸ್ತೆಗಿಳಿದರು, ಅಧಿಕಾರಿಗಳು ಬಂದು ಮಾತು ಕೊಡುವ ತನಕ ಏಳಲಿಲ್ಲ. ದರ ಏರಿದ್ದು ಹಾಗೆ.

ಅದೇ ಅಂಗಡಿಯಲ್ಲಿ ಇನ್ನೊಂದು ಪ್ರಶ್ನೆ ಕೇಳಿದರೆ ಮಾತು ನಿಲ್ಲುತ್ತದೆ. ಮೆಣಸು ಕೊಯ್ಯಲು ಹತ್ತಿದ ಏಣಿ ಜಾರಿ ಸತ್ತವನ ಮನೆಗೆ ಎಷ್ಟು ಬರಬೇಕು? ಕಳೆ ಹೊಡೆಯುವ ಮಷೀನಿನ ಬ್ಲೇಡು ಕಲ್ಲಿಗೆ ತಗುಲಿ ಚೂರು ಕಣ್ಣಿಗೆ ಹೊಕ್ಕರೆ? ‘ಸಾಹುಕಾರ್ರು ಏನಾದ್ರೂ ನೋಡಿ ಕೊಡ್ತಾರೆ’ ಎನ್ನುವುದೇ ಉತ್ತರ.

ನೋಡಿ ಕೊಡುವುದಕ್ಕೆ ಇದು ಹಬ್ಬದ ಇನಾಮಲ್ಲ. ಕೆಲಸದಲ್ಲಿ ಸತ್ತರೆ, ಕೈಕಾಲು ಹೋದರೆ ಮಾಲೀಕ ಎಷ್ಟು ಕೊಡಬೇಕೆಂಬ ಲೆಕ್ಕವನ್ನು ಕಾನೂನು ಕಟ್ಟಿಟ್ಟು ನೂರು ವರ್ಷ ದಾಟಿದೆ. 1923ರಲ್ಲಿ ಬಂದ ಕಾರ್ಮಿಕರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಕಾಫಿ, ಏಲಕ್ಕಿ, ಚಹಾ, ರಬ್ಬರ್ ತೋಟದ ಕೆಲಸಗಾರರು ಹೆಸರು ಹಿಡಿದೇ ಇದ್ದರು. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹೆಸರು ಬದಲಾಗಿದ್ದರೂ ಲೆಕ್ಕದ ದಾರಿ ಹಳೆಯದೇ. ಆನೆಯ ಪರಿಹಾರಕ್ಕಾಗಿ ಇಷ್ಟು ಹೋರಾಡಿದ ಈ ಸೀಮೆ, ಈಗಾಗಲೇ ಕೈಯಲ್ಲಿರುವ ಈ ಹಕ್ಕನ್ನು ಒಮ್ಮೆಯೂ ಗಟ್ಟಿಯಾಗಿ ಕೇಳದಿರುವುದು ವಿಚಿತ್ರ.

ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಇಲ್ಲಿನ ಯಾವ ತೋಟದೊಳಗೆ ಹೋದರೂ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಅಲ್ಯೂಮಿನಿಯಂ ಏಣಿ ಕಾಣುತ್ತದೆ. ಮೇಲೆ ಒಬ್ಬ, ಸೊಂಟಕ್ಕೆ ಚೀಲ ಕಟ್ಟಿಕೊಂಡು, ಒಂದು ಕೈಯಲ್ಲಿ ಬಳ್ಳಿ ಹಿಡಿದು ಇನ್ನೊಂದರಲ್ಲಿ ಮೆಣಸಿನ ಗೊಂಚಲು ಬಿಡಿಸುತ್ತಿರುತ್ತಾನೆ. ಹಳೆಯ ಬಿದಿರಿನ ಏಣಿಗಿಂತ ಇದು ಹಗುರ, ಬಾಳಿಕೆಯೂ ಹೆಚ್ಚು. ಹಗುರ ಎಂಬುದೇ ಅಪಾಯ. ಒಂದು ಮರ ಮುಗಿದ ಮೇಲೆ ಏಣಿಯನ್ನು ಮಲಗಿಸದೆ ನಿಲ್ಲಿಸಿಕೊಂಡೇ ಮುಂದಿನ ಮರಕ್ಕೆ ಸಾಗಿಸುತ್ತಾರೆ. ಕಣ್ಣು ಕಾಫಿ ಗಿಡಗಳ ಸಂದಿಯಲ್ಲಿ ಕಾಲಿಡುವ ಕಡೆ ಇರುತ್ತದೆ, ಏಣಿಯ ತುದಿ ಎಲೆಗಳ ನಡುವೆ ಎಲ್ಲೋ. ಆ ಎಲೆಗಳ ಮರೆಯಲ್ಲೇ ವಿದ್ಯುತ್ ತಂತಿ ಹಾದುಹೋಗಿರುತ್ತದೆ, ಏಣಿ ಅದಕ್ಕೆ ತಗುಲಿದರೆ ಸಾವು. ಮಲೆನಾಡಿನ ಮೂರೂ ಕಾಫಿ ಜಿಲ್ಲೆಗಳಲ್ಲಿ ಮೆಣಸಿನ ಕೊಯ್ಲಿನ ಹೊತ್ತಿಗೆ, ನೆರಳು ಮರಗಳ ಕೊಂಬೆ ಕಡಿಯುವ ಮರಗಸಿಯ ಹೊತ್ತಿಗೆ ಇಂಥ ಸಾವಿನ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಾಗಿ ಬಂದು ಹೋಗುತ್ತದೆ.

ಬದುಕಿ ಉಳಿದರೆ ಎರಡನೆಯ ಅಪಘಾತ ಆಸ್ಪತ್ರೆಯ ಬಾಗಿಲಲ್ಲಿ ಕಾದಿರುತ್ತದೆ. ಗಾಯಾಳುವನ್ನು ಜೀಪಿನಿಂದ ಇಳಿಸುವ ಹೊತ್ತಿಗೆ ತೋಟದ ಲೆಕ್ಕ ನೋಡುವ ರೈಟರ್ ಕಿವಿಯಲ್ಲಿ ಹೇಳುವ ಮಾತು ಈ ಭಾಗದವರಿಗೆ ಹೊಸದಲ್ಲ: ‘ಮನೆ ಹತ್ರ ಮರ ಹತ್ತಿದ್ದೆ, ಬಿದ್ದೆ ಅಂತ ಬರ್ಸಪ್ಪ. ಪೊಲೀಸು, ಕೇಸು ಎಲ್ಲ ಯಾಕೆ? ಖರ್ಚು ನಾವು ನೋಡ್ಕೊಳ್ತೀವಿ.’ ನೋವಿನಲ್ಲಿದ್ದವನು ಹೂಂ ಎನ್ನುತ್ತಾನೆ. ಆಸ್ಪತ್ರೆಯ ದಾಖಲೆಯಲ್ಲಿ ಆ ಒಂದು ವಾಕ್ಯ ಕೂತ ಮೇಲೆ ತೋಟಕ್ಕೂ ಅವನ ಮುರಿದ ಬೆನ್ನಿಗೂ ಸಂಬಂಧ ಇದೆಯೆಂದು ಆರು ತಿಂಗಳ ನಂತರ ಸಾಬೀತು ಮಾಡುವುದು ಬೆಟ್ಟ ಅಗೆದಂತೆ. ರೈಟರ್ ದುಷ್ಟನೆಂದೇನಲ್ಲ. ಎಷ್ಟೋ ಸಲ ಆಸ್ಪತ್ರೆ ಬಿಲ್ಲನ್ನು ಮಾಲೀಕರು ನಿಜಕ್ಕೂ ಕಟ್ಟುತ್ತಾರೆ. ಆದರೆ ಚಿಕಿತ್ಸೆಯ ಖರ್ಚು ಕೊಡುವುದು ಬೇರೆ, ಪರಿಹಾರ ಬೇರೆ. ಮೊದಲನೆಯದನ್ನು ಕೊಟ್ಟರೆ ಎರಡನೆಯದು ತೀರಿದಂತಲ್ಲ.

ಹಾಗಾದರೆ ಲೆಕ್ಕ ಎಷ್ಟು? ದಿನಕ್ಕೆ 500 ರೂಪಾಯಿಯಂತೆ ತಿಂಗಳಿಗೆ 26 ದಿನ ದುಡಿಯುವ, 40 ವರ್ಷದ ಒಬ್ಬ ಆಳು ಎಂದಿಟ್ಟುಕೊಳ್ಳೋಣ. ತಿಂಗಳ ಸಂಬಳ 13,000. ಸತ್ತರೆ ಅದರ ಅರ್ಧವನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸಬೇಕು. 40ಕ್ಕೆ ಆ ಅಂಕಿ 184.17. ಒಟ್ಟು 11,97,105 ರೂಪಾಯಿ. ಬದುಕಿದ್ದು ಯಾವ ಕೆಲಸಕ್ಕೂ ಬಾರದಂತಾದರೆ ಸಂಬಳದ ಶೇ 60 ಹಿಡಿಯುತ್ತಾರೆ, ಆಗ 14,36,526. ಭಾಗಶಃ ಊನವಾದರೆ ಕಾನೂನಿನ ಜೊತೆಗೊಂದು ಪಟ್ಟಿ ಇದೆ. ಮನುಷ್ಯನ ಮೈಯನ್ನು ಕಟುಕನಂತೆ ಭಾಗ ಮಾಡಿಟ್ಟ ಪಟ್ಟಿ: ಹೆಬ್ಬೆರಳಿಗೆ ಶೇ 30, ಒಂದು ಕಣ್ಣು ಪೂರ್ತಿ ಹೋದರೆ 40, ಒಂದು ಕೈಯ ನಾಲ್ಕೂ ಬೆರಳಿಗೆ 50. ಈ ಆಳಿನ ಹೆಬ್ಬೆರಳು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ಗೆ ಸಿಕ್ಕಿ ಹೋದರೆ 4,30,958 ರೂಪಾಯಿ ಬರಬೇಕು.

ಪಟ್ಟಿಯ ಅಂಕಿಯೂ ಕಲ್ಲಿನ ಮೇಲೆ ಕೊರೆದದ್ದಲ್ಲ. ಎಪ್ಪತ್ತರ ದಶಕದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಬ್ಬ ಬಡಗಿ ಎಡಗೈ ಕಳೆದುಕೊಂಡಿದ್ದ. ಪಟ್ಟಿ ಪ್ರಕಾರ ಅದು ಭಾಗಶಃ ಊನ. ಒಂದು ಕೈಯಲ್ಲಿ ಬಡಗಿತನ ಮಾಡಲಾಗದು, ಆದ್ದರಿಂದ ಅವನ ದುಡಿಮೆಯ ಶಕ್ತಿ ಪೂರ್ತಿ ಹೋದಂತೆಯೇ ಎಂದಿತು ಕೋರ್ಟು. ಮರ ಹತ್ತಿ ಬದುಕುವವನ ಕಾಲು ಮುರಿದು ಸೆಟೆದುಕೊಂಡರೆ ಅವನಿಗೂ ಇದೇ ವಾದ ಸಲ್ಲುತ್ತದೆ.

ಈ ಕಾನೂನಿನ ದೊಡ್ಡ ಗುಣವೆಂದರೆ ಅದು ಮಾಲೀಕನ ತಪ್ಪನ್ನು ಹುಡುಕುವುದಿಲ್ಲ. ಅಪಘಾತ ಕೆಲಸದ ಹೊತ್ತಿನಲ್ಲಿ, ಕೆಲಸದ ಕಾರಣಕ್ಕೆ ಆಯಿತೇ ಎಂಬುದಷ್ಟೇ ಪ್ರಶ್ನೆ. ಕುಡಿದಿದ್ದ ಎಂಬ ಮಾತು ತಕ್ಷಣ ಬರುತ್ತದೆ. ಸಾವು ಅಥವಾ ಪೂರ್ಣ ಶಾಶ್ವತ ಊನವಾದಾಗ ಆ ಸಬೂಬೂ ನಡೆಯುವುದಿಲ್ಲ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ 12 ಬಡ್ಡಿ, ತಡಕ್ಕೆ ಸರಿಯಾದ ಕಾರಣವಿಲ್ಲದಿದ್ದರೆ ಪರಿಹಾರದ ಅರ್ಧದವರೆಗೆ ದಂಡ. ಸತ್ತವನ ಹೆಂಡತಿಯ ಕೈಗೆ ಐವತ್ತು ಸಾವಿರ ಕೊಟ್ಟು ಬಾಂಡ್ ಪೇಪರಿನ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಹೊಣೆ ಮುಗಿಯಿತೆಂದು ಎಷ್ಟೋ ಜನ ನಂಬಿದ್ದಾರೆ. ಸಾವಿನ ಪ್ರಕರಣದಲ್ಲಿ ಹಣವನ್ನು ಕಾನೂನು ಹೇಳಿದ ಅಧಿಕಾರಿಯ ಬಳಿ ಠೇವಣಿ ಇಡಬೇಕು. ಹಕ್ಕು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡ ಕಾಗದಕ್ಕೆ ಕಿಮ್ಮತ್ತಿಲ್ಲ.

ತೋಟದ ಕೆಲಸದ ಸ್ವರೂಪವೂ ಈಗ ಬದಲಾಗಿದೆ. ಲೈನ್ ಮನೆಯಲ್ಲಿ ಮೂರು ತಲೆಮಾರು ಕಳೆದ ಕುಟುಂಬಗಳು ಕಡಿಮೆಯಾಗಿ, ಮೇಸ್ತ್ರಿ ಕರೆತಂದ ಅಸ್ಸಾಮಿನ ಹುಡುಗರು ಕೊಯ್ಲಿಗೆ ಬರುತ್ತಾರೆ. ಅವರಿಗೆ ಏನಾದರೂ ಆದರೆ ‘ಅವ್ರು ಮೇಸ್ತ್ರಿ ಕಡೆ ಆಳು’ ಎಂಬ ಮಾತು ಸಿದ್ಧ. ಗುತ್ತಿಗೆದಾರನ ಆಳಿಗೂ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಮೊದಲು ಕೊಡಬೇಕು, ಬೇಕಿದ್ದರೆ ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬಹುದು ಎನ್ನುತ್ತದೆ ಕಾನೂನು. ಸತ್ತವನ ಹೆಂಡತಿ ಆಲೂರಿಗೆ ಅಲೆಯಬೇಕಾಗಿಲ್ಲ, ತಾನಿರುವ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು. ಮೆಣಸನ್ನು ಬಳ್ಳಿಯ ಮೇಲೆಯೇ ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಟ್ಟ ತೋಟಗಳಲ್ಲಿ ಮಾತ್ರ ಮಾಲೀಕನೋ ಚೇಣಿದಾರನೋ ಎಂಬ ಜಗಳ ಏಳುತ್ತದೆ. ಚೇಣಿಯ ಕರಾರಿನಲ್ಲಿ ದುಡ್ಡಿನ ಕಂತಿನ ಜೊತೆಗೆ ಆಳುಗಳ ವಿಮೆ ಯಾರದೆಂದೂ ಒಂದು ಸಾಲು ಬರೆದರೆ ಆ ಜಗಳ ಅರ್ಧ ತಪ್ಪುತ್ತದೆ.

ಪಿಕಪ್ ಇನ್ನೊಂದು ಗೋಜಲು. ಬೆಳಗ್ಗೆ ಮಂಜಿನಲ್ಲಿ ಹಿಂದೆ ನಿಂತುಕೊಂಡು ತೋಟಕ್ಕೆ ಹೋಗುವ ಇಪ್ಪತ್ತು ಜನರಲ್ಲಿ ಯಾರಿಗೂ ಅದು ಸರಕಿನ ಗಾಡಿ ಎಂಬುದು ಮುಖ್ಯವಲ್ಲ. ವಿಮಾ ಕಂಪನಿಗೆ ಅದೇ ಮುಖ್ಯ. ಸರಕಿನ ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡು ಹೋದ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು 2002ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ತೀರ್ಪನ್ನೇ ಕಂಪನಿಗಳು ಮುಂದಿಡುತ್ತವೆ. ಆದರೆ ಆಳುಗಳ ಪಾಲಿಗೆ ಇನ್ನೊಂದು ಬಾಗಿಲು ತೆರೆದಿದೆ. ಕೆಲಸಕ್ಕೆ ಹೊರಟಿದ್ದ ಸಕ್ಕರೆ ಕಾರ್ಖಾನೆಯ ಕಾವಲುಗಾರನೊಬ್ಬ 2003ರಲ್ಲಿ ದಾರಿಯಲ್ಲೇ ಸತ್ತ ಪ್ರಕರಣದಲ್ಲಿ 2025ರ ಜುಲೈ 29ರಂದು ಅದೇ ಕೋರ್ಟ್, ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯೂ ಕೆಲಸದ ಭಾಗವಾಗಬಲ್ಲದು, ಅಪಘಾತಕ್ಕೂ ಕೆಲಸಕ್ಕೂ ನಂಟಿರಬೇಕಷ್ಟೆ ಎಂದಿತು. ಹೊಸ ಸಂಹಿತೆ ಅದನ್ನು ನೇರವಾಗಿಯೇ ಬರೆದುಕೊಂಡಿದೆ. ಇಪ್ಪತ್ತೆರಡು ವರ್ಷ ಕಾದ ಆ ಕುಟುಂಬದ ತಾಳ್ಮೆಯ ಫಲವನ್ನು ಈ ಬೆಟ್ಟಗಳ ಆಳುಗಳೂ ಉಣ್ಣಬಹುದು.

ಮತ್ತೆ ಆನೆಯ ವಿಷಯಕ್ಕೆ ಬಂದರೆ, ಅಲ್ಲೂ ಒಂದು ಲೆಕ್ಕ ಬಿಟ್ಟುಹೋಗುತ್ತಿದೆ. 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನ ಹಳ್ಳಿಯೂರಿನ ಬಳಿ, ಗಾಯಗೊಂಡಿದ್ದ ಭೀಮ ಎಂಬ ಆನೆಗೆ ಅರಿವಳಿಕೆ ಮದ್ದು ಹೊಡೆಯಲು ಹೋದ ಅರಣ್ಯ ಇಲಾಖೆಯ ಅನುಭವಿ ಶೂಟರ್ ಅದೇ ಆನೆಯ ದಾಳಿಗೆ ಪ್ರಾಣ ತೆತ್ತರು. ನಾಡೆಲ್ಲ ಅದನ್ನು ಕಾಡಾನೆ ದಾಳಿ ಎಂದು ಓದಿತು. ಕೆಲಸದ ಜಾಗದಲ್ಲಿ, ಕೆಲಸ ಮಾಡುತ್ತಲೇ ಆದ ಸಾವು ಎಂದು ಓದಿದವರು ಕಡಿಮೆ. ಬೆಳಗ್ಗೆ ಏಳೂವರೆಗೆ ಕಾಫಿ ಹಣ್ಣು ಕೊಯ್ಯಲು ಹೋದ ಹೆಂಗಸನ್ನು ಗಿಡಗಳ ಸಾಲಿನಲ್ಲೇ ಆನೆ ಅಟ್ಟಿಸಿಕೊಂಡು ಬಂದರೆ ಅದೂ ಹಾಗೆಯೇ. ಅವಳು ಅಲ್ಲಿದ್ದದ್ದು ಕೂಲಿಗಾಗಿ, ಆ ತೋಟದಲ್ಲಿ ಆನೆ ಇದೆಯೆಂದು ರೈಟರ್‌ಗೂ ಗೊತ್ತು, ಮೇಸ್ತ್ರಿಗೂ ಗೊತ್ತು. ಸರ್ಕಾರ ಕೊಡುವುದು ದಯೆಯ ಧನ. ಮಾಲೀಕನ ಹೊಣೆಯನ್ನು ಅದು ಅಳಿಸಬೇಕಾಗಿಲ್ಲ, ಎರಡನ್ನೂ ಕೇಳಲು ಆ ಮನೆಗೆ ನ್ಯಾಯವಾದ ಆಧಾರವಿದೆ.

ಇಲ್ಲಿ ಬೆಳೆಗಾರರ ಮಾತನ್ನೂ ಕೇಳಬೇಕು. ಈ ಹೋಬಳಿಯಲ್ಲಿ ಕಾಫಿ ಎಂದರೆ ದೊಡ್ಡ ಎಸ್ಟೇಟಿಗಿಂತ ಐದಾರು ಎಕರೆಯ ಸಣ್ಣ ತೋಟಗಳೇ ಹೆಚ್ಚು. ಆನೆ ಬಂದು ಗಿಡ ಮುರಿದಿರುತ್ತದೆ, ಮಳೆ ಕಾಯಿ ಉದುರಿಸಿರುತ್ತದೆ, ಸೊಸೈಟಿ ಸಾಲ ಬಾಕಿ ಇರುತ್ತದೆ. ಅಂಥವನ ತಲೆಯ ಮೇಲೆ ಒಂದೇ ಏಟಿಗೆ ಹನ್ನೆರಡು ಲಕ್ಷ ಬಿದ್ದರೆ ತೋಟವೇ ಹೋಗುತ್ತದೆ. ಹಾಗಿರುವಾಗ ‘ಮನೆ ಹತ್ರ ಬಿದ್ದ’ ಎಂದು ಬರೆಸುವ ಆಸೆ ಹುಟ್ಟುವುದು ಸಹಜ.

ಈ ಭಯಕ್ಕೆ ಔಷಧಿ ವಿಮೆ. ಆಳುಗಳಿಗಾಗಿಯೇ ಇರುವ ಪರಿಹಾರ ಪಾಲಿಸಿ ಸಾಮಾನ್ಯ ವಿಮಾ ಕಂಪನಿಗಳಲ್ಲಿ ಸಿಗುತ್ತದೆ. ಕಾರಿಗೆ ವಿಮೆ ಕಟ್ಟದೆ ರಸ್ತೆಗಿಳಿಸದ ಬೆಳೆಗಾರ ಮೂವತ್ತು ಅಡಿ ಎತ್ತರಕ್ಕೆ ಆಳು ಹತ್ತಿಸುವಾಗ ಅದನ್ನು ಮರೆಯುತ್ತಾನೆ. ಒಬ್ಬೊಬ್ಬರಾಗಿ ಕೊಳ್ಳುವುದು ಸಣ್ಣ ಬೆಳೆಗಾರನಿಗೆ ಕಷ್ಟವೆಂದರೆ ಸಕಲೇಶಪುರದಲ್ಲೇ ಕರ್ನಾಟಕ ಬೆಳೆಗಾರರ ಒಕ್ಕೂಟವಿದೆ, ಹಾಸನ ಜಿಲ್ಲಾ ಪ್ಲಾಂಟರ್ಸ್ ಸಂಘವಿದೆ. ಕಾಫಿ ಬೆಲೆ, ಆನೆ, ಕಾರ್ಮಿಕರ ಕೊರತೆ ಎಂದು ವರ್ಷಕ್ಕೆ ಹತ್ತು ಮನವಿ ಕೊಡುವ ಈ ಸಂಘಗಳು ಕೊಯ್ಲಿನ ನಾಲ್ಕು ತಿಂಗಳಿಗೆ ಹೋಬಳಿವಾರು ಗುಂಪು ವಿಮೆ ಮಾಡಿಸಬಹುದು. ಕಾಫಿ ಮಂಡಳಿ ಸಸಿಗೆ, ಕಣಕ್ಕೆ, ಯಂತ್ರಕ್ಕೆ ಸಹಾಯಧನ ಕೊಡುತ್ತದೆ, ವಿಮೆಯ ಕಂತಿನಲ್ಲೂ ಪಾಲು ಹಾಕಲಿ.

ಆಳುಗಳ ಕಡೆಯಿಂದ ಬೇಕಾದದ್ದು ಇನ್ನೂ ಸಣ್ಣದು. ಚೆಕ್‌ರೋಲ್ ಎಂಬ ಹಾಜರಿ ಪುಸ್ತಕದಲ್ಲಿ ಹೆಸರು ಇರಬೇಕು, ಕೂಲಿಯ ಒಂದು ಭಾಗವಾದರೂ ಖಾತೆಗೆ ಅಥವಾ ಫೋನಿಗೆ ಬರಬೇಕು, ಬಿದ್ದ ಜಾಗದ ಒಂದು ಫೋಟೊ ಇರಬೇಕು, ಆಸ್ಪತ್ರೆಯಲ್ಲಿ ನಡೆದದ್ದನ್ನು ನಡೆದಂತೆಯೇ ಬರೆಸಬೇಕು. ಅರ್ಜಿಗೆ ಎರಡು ವರ್ಷದ ಗಡುವಿದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ವಕೀಲರ ಖರ್ಚನ್ನು ತಾಲ್ಲೂಕು ಕಾನೂನು ಸೇವಾ ಸಮಿತಿ ಹೊರುತ್ತದೆ, ಅವರ ಆದಾಯ ಎಷ್ಟೆಂದು ಕೇಳುವುದಿಲ್ಲ. 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ಸರ್ಕಾರದ ಪಾಲೂ ಬಾಕಿ ಇದೆ. ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿಯನ್ನು 2020ರ ಜನವರಿಯಲ್ಲಿ 15,000ಕ್ಕೆ ಏರಿಸಲಾಯಿತು. ಕೊಯ್ಲಿನಲ್ಲಿ ಕಿಲೋ ಲೆಕ್ಕದ ಮೇಲೆ ಅದಕ್ಕಿಂತ ಹೆಚ್ಚು ದುಡಿಯುವವನು ಸತ್ತ ದಿನ ಅಲ್ಲಿಗೇ ಇಳಿಯುತ್ತಾನೆ. ಆನೆ ದಾಳಿಯ ಪರಿಹಾರ ಆಮೇಲೂ ಏರುತ್ತ ಬಂತು, ಏಕೆಂದರೆ ಅದಕ್ಕೆ ರಸ್ತೆ ತಡೆಯುವವರಿದ್ದರು.

ಹಳ್ಳಿಗಳಲ್ಲಿ ಆನೆ ಎಲ್ಲಿದೆಯೆಂದು ತಿಳಿಸುವ ಸಂದೇಶ ಈಗ ಬೆಳಗ್ಗೆಯೇ ಫೋನಿಗೆ ಬರುತ್ತದೆ. ಅದನ್ನು ನೋಡಿಕೊಂಡೇ ರೈಟರ್ ಆಳುಗಳನ್ನು ಯಾವ ಬ್ಲಾಕಿಗೆ ಕಳಿಸಬೇಕೆಂದು ತೀರ್ಮಾನಿಸುತ್ತಾನೆ. ಮುಂದಿನ ಮೆಣಸಿನ ಕೊಯ್ಲಿಗೆ ಮುಂಚೆ ಅದೇ ರೈಟರ್ ಒಂದು ದಿನ ತೋಟ ಸುತ್ತಿ, ತಂತಿ ಹಾದುಹೋದ ಮರಗಳಿಗೆಲ್ಲ ಕೆಂಪು ಬಣ್ಣದ ಪಟ್ಟಿ ಬಳಿಸಲಿ. ಚೆಕ್‌ರೋಲ್‌ನ ಮೊದಲ ಪುಟಕ್ಕೆ ವಿಮೆ ಪಾಲಿಸಿಯ ಒಂದು ಪ್ರತಿಯನ್ನು ಅಂಟಿಸಿ, ಹಾಜರಿ ಕೂಗುವಾಗ ಆಳುಗಳಿಗೂ ತೋರಿಸಲಿ.