ಹೊಸ ಪ್ರತಿ, ಹಳೆಯ ಪ್ರತಿ: ಅರ್ಥಶಾಸ್ತ್ರ ಗ್ರಂಥಗಳ ಕ್ರಯವಿಚಾರ

ಪದಾರ್ಥಗಳಲ್ಲೆಲ್ಲ ಪುಸ್ತಕದ ಸ್ವಭಾವವೇ ವಿಲಕ್ಷಣವಾದುದು. ಧಾನ್ಯವು ಉಂಡರೆ ತೀರುತ್ತದೆ. ವಸ್ತ್ರವು ಉಟ್ಟರೆ ಸವೆಯುತ್ತದೆ. ಪುಸ್ತಕವಾದರೋ ಒಬ್ಬನು ಓದಿ ಮುಗಿಸಿದ ಮಾತ್ರಕ್ಕೆ ಮತ್ತೊಬ್ಬನಿಗೆ ಕಡಿಮೆಯಾಗುವುದಿಲ್ಲ. ಹೊದಿಕೆ ಮಾಸಬಹುದು, ಹಾಳೆಯ ಅಂಚು ಹಳದಿಗೂಡಬಹುದು. ಒಳಗಣ ಅರ್ಥ ಹಾಗೆಯೇ ಉಳಿದಿರುತ್ತದೆ. ಆದರೂ ಹೊಸ ಪ್ರತಿಗೆ ಒಂದು ಬೆಲೆ, ಬಳಸಿದ ಪ್ರತಿಗೆ ಮತ್ತೊಂದು ಬೆಲೆ. ಈ ಎರಡು ಬೆಲೆಗಳ ನಡುವಣ ಅಂತರವನ್ನೇ ನೆಚ್ಚಿಕೊಂಡು ಎಷ್ಟೋ ಬಡ ವಿದ್ಯಾರ್ಥಿಗಳ ಉನ್ನತ ವ್ಯಾಸಂಗ ನಡೆಯುತ್ತದೆ ಎಂಬುದನ್ನು ವಿದ್ಯಾಸಂಸ್ಥೆಗಳನ್ನು ನಡೆಸುವವರೂ ಅವುಗಳಿಗೆ ದಾನ ನೀಡುವವರೂ ಮನಗಾಣಬೇಕಾದ ಕಾಲ ಬಂದಿದೆ.

ಹಿಂದೆ ಹಳೆಯ ಪುಸ್ತಕ ಬೇಕಾದವರು ಬೆಂಗಳೂರಿನ ಅವೆನ್ಯೂ ರಸ್ತೆಯಂತಹ ಬೀದಿಗಳಲ್ಲಿ ರಾಶಿಗಳ ಮುಂದೆ ಕುಳಿತು ಹುಡುಕುತ್ತಿದ್ದರು. ದೊರೆತರೆ ಭಾಗ್ಯ, ದೊರೆಯದಿದ್ದರೆ ಬರಿಗೈ. ಇಂದು ಅಂತರಜಾಲದ ಅಂಗಡಿಗಳು ಆ ರಾಶಿಯನ್ನು ಮನೆಯ ಮೇಜಿನ ಮೇಲೆಯೇ ಹರಡಿವೆ. ಅಮೆರಿಕದಲ್ಲಿ ಅಮೆಜಾನ್ ಸಂಸ್ಥೆಯು ೧೯೯೫ರಲ್ಲಿ ಪುಸ್ತಕಗಳ ಮಾರಾಟವನ್ನು ಆರಂಭಿಸಿ, ೨೦೦೦ದಲ್ಲಿ ಹೊಸ ಪ್ರತಿಯ ಪಕ್ಕದಲ್ಲಿಯೇ ಬಳಸಿದ ಪ್ರತಿಯ ಬೆಲೆಯನ್ನೂ ತೋರಿಸತೊಡಗಿತು. ಬೆಂಗಳೂರಿನಲ್ಲಿ ೨೦೦೭ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಸಂಸ್ಥೆಯೂ ಮೊದಲು ಮಾರಿದ್ದು ಪುಸ್ತಕವನ್ನೇ. ಗ್ರಾಮಾಂತರದ ಶಾಲೆಯೊಂದರ ಅಧ್ಯಾಪಕನಿಗೂ ಲಂಡನ್ನಿನ ಹಳೆಯ ಪುಸ್ತಕ ವ್ಯಾಪಾರಿಗೂ ನಡುವೆ ಇದ್ದ ದೂರ ಹೀಗೆ ಅಳಿದುಹೋಯಿತು. ದೂರ ಅಳಿದರೂ ಕೊಳ್ಳುವವನ ವಿವೇಕದ ಹೊಣೆ ಮಾತ್ರ ಕಡಿಮೆಯಾಗಲಿಲ್ಲ. ಅದು ಇಮ್ಮಡಿಯಾಯಿತು ಎಂದರೂ ಸಲ್ಲುತ್ತದೆ.

ದೃಷ್ಟಾಂತಕ್ಕೆ ಪಾಲ್ ಸ್ಯಾಮುಯೆಲ್‌ಸನ್ನರ ‘ಎಕನಾಮಿಕ್ಸ್’ ಎಂಬ ಗ್ರಂಥವನ್ನು ತೆಗೆದುಕೊಳ್ಳಬಹುದು. ೧೯೪೮ರಲ್ಲಿ ಮೊದಲು ಅಚ್ಚಾದ ಈ ಪಠ್ಯಗ್ರಂಥವು ೨೦೦೯ರ ವೇಳೆಗೆ ೧೯ ಆವೃತ್ತಿಗಳನ್ನು ಕಂಡಿತು. ೧೯೮೫ರ ಹನ್ನೆರಡನೆಯ ಆವೃತ್ತಿಯಿಂದ ವಿಲಿಯಂ ನಾರ್ಡ್‌ಹೌಸ್ ಸಹಲೇಖಕರಾದರು. ಸರಾಸರಿ ಮೂರು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬಂದಂತಾಯಿತು. ಹೊಸದು ಬಂದ ದಿನದಿಂದ ಹಳೆಯದರ ಬೆಲೆ ಕುಸಿಯುತ್ತದೆ. ಅಂತರಜಾಲದಲ್ಲಿ ಈ ಒಂದೇ ಹೆಸರನ್ನು ಹುಡುಕಿದವನಿಗೆ ಹತ್ತಾರು ಪ್ರತಿಗಳು, ಹತ್ತಾರು ಬೆಲೆಗಳು ಎದುರಾಗುತ್ತವೆ. ಅವುಗಳಲ್ಲಿ ಯಾವುದನ್ನು ಕೊಳ್ಳಬೇಕು? ಬೆಲೆಯನ್ನು ಮಾತ್ರ ನೋಡುವವನು ಅತ್ಯಂತ ಅಗ್ಗವಾದುದನ್ನು ಕೊಳ್ಳುತ್ತಾನೆ. ಹೊಸತನವನ್ನು ಮಾತ್ರ ನೋಡುವವನು ಅತ್ಯಂತ ದುಬಾರಿಯಾದುದನ್ನು ಕೊಳ್ಳುತ್ತಾನೆ. ಯಾವ ಪ್ರಯೋಜನಕ್ಕಾಗಿ ಗ್ರಂಥ ಬೇಕು ಎಂಬ ಪ್ರಶ್ನೆಯನ್ನು ಇಬ್ಬರೂ ಕೇಳಿಕೊಂಡಿರುವುದಿಲ್ಲ.

ಬೇಡಿಕೆ, ಪೂರೈಕೆ, ಬೆಲೆಯ ನಿರ್ಣಯ ಮೊದಲಾದ ಮೂಲತತ್ತ್ವಗಳು ಆವೃತ್ತಿಯಿಂದ ಆವೃತ್ತಿಗೆ ಹೆಚ್ಚೇನೂ ಬದಲಾಗುವುದಿಲ್ಲ. ಬದಲಾಗುವುವು ಅಂಕಿ ಅಂಶಗಳು, ಉದಾಹರಣೆಗಳು, ಅಧ್ಯಾಯಗಳ ಕ್ರಮ, ಕೊನೆಯಲ್ಲಿ ಕೊಟ್ಟ ಅಭ್ಯಾಸಗಳ ಸಂಖ್ಯೆ. ತತ್ತ್ವವನ್ನು ಕಲಿಯಹೊರಟವನಿಗೆ ಎರಡು ಆವೃತ್ತಿಗಳಷ್ಟು ಹಳೆಯ ಪ್ರತಿಯೇ ಸಾಕು. ಉಳಿದ ಹಣದಲ್ಲಿ ಇನ್ನೆರಡು ಗ್ರಂಥಗಳನ್ನು ಕೊಳ್ಳಬಹುದು. ಇತ್ತೀಚಿನ ತೆರಿಗೆ ವ್ಯವಸ್ಥೆಯನ್ನೋ ಬ್ಯಾಂಕುಗಳ ನಿಯಮಗಳನ್ನೋ ತಿಳಿಯಬೇಕಾದವನು ಮಾತ್ರ ಹೊಸ ಆವೃತ್ತಿಗೆ ಹಣ ತೆರಬೇಕು.

ಹಳೆಯ ಆವೃತ್ತಿಗೆ ಮತ್ತೊಂದು ಬೆಲೆಯೂ ಉಂಟು. ಅದು ಅಂಗಡಿಯ ಪಟ್ಟಿಯಲ್ಲಿ ಕಾಣದ ಬೆಲೆ. ಇದೇ ಗ್ರಂಥದ ೧೯೬೧ರ ಆವೃತ್ತಿಯಲ್ಲಿ ಸೋವಿಯತ್ ಒಕ್ಕೂಟದ ಒಟ್ಟು ಉತ್ಪನ್ನವು ೧೯೮೪ರಷ್ಟು ಬೇಗನೆ, ತಡವಾದರೆ ೧೯೯೭ರ ವೇಳೆಗೆ, ಅಮೆರಿಕದ ಉತ್ಪನ್ನವನ್ನು ಮೀರಬಹುದೆಂಬ ಊಹೆ ಇತ್ತು. ೧೯೮೦ರ ಆವೃತ್ತಿಗೆ ಬರುವಷ್ಟರಲ್ಲಿ ಆ ಅವಧಿ ೨೦೦೨ಕ್ಕೂ ೨೦೧೨ಕ್ಕೂ ಸರಿದಿತ್ತು. ೧೯೮೯ರ ಆವೃತ್ತಿಯೂ ಸೋವಿಯತ್ ವ್ಯವಸ್ಥೆ ಏಳಿಗೆ ಹೊಂದಬಲ್ಲುದೆಂಬ ಅಭಿಪ್ರಾಯವನ್ನು ಬಿಟ್ಟಿರಲಿಲ್ಲ. ಎರಡು ವರ್ಷಗಳಲ್ಲಿ, ೧೯೯೧ರ ಡಿಸೆಂಬರಿನಲ್ಲಿ, ಆ ಒಕ್ಕೂಟವೇ ಇಲ್ಲವಾಯಿತು. ೧೯೭೦ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಮಹಾಮೇಧಾವಿಯ ಊಹೆಯೂ ತಪ್ಪಬಹುದು, ಶಾಸ್ತ್ರವು ತನ್ನನ್ನು ತಾನೇ ತಿದ್ದಿಕೊಳ್ಳುತ್ತ ಸಾಗುತ್ತದೆ ಎಂಬ ಪಾಠವು ಹೊಸ ಆವೃತ್ತಿಯೊಂದನ್ನೇ ಓದುವವನಿಗೆ ದೊರೆಯಲಾರದು. ಹಳೆಯ ಪ್ರತಿಯೂ ಹೊಸ ಪ್ರತಿಯೂ ಒಂದೇ ಕಪಾಟಿನಲ್ಲಿ ಇದ್ದಾಗಲೇ ಅದು ದೊರೆಯುತ್ತದೆ. ‘ಹಳೆಯದಾಯಿತು’ ಎಂಬ ಒಂದೇ ಕಾರಣಕ್ಕೆ ಗ್ರಂಥಗಳನ್ನು ತೂಕಕ್ಕೆ ಹಾಕುವ ಗ್ರಂಥಾಲಯಗಳು ಇದನ್ನು ಯೋಚಿಸಬೇಕು.

ಇನ್ನು ಕೊಳ್ಳುವ ಬಗೆ. ಕಣ್ಣಿಗೆ ಕಾಣದ, ಕೈಗೆ ಸಿಗದ ಪ್ರತಿಯನ್ನು ನಂಬುವುದು ಹೇಗೆ? ಈ ಸಂಶಯಕ್ಕೆ ಅರ್ಥಶಾಸ್ತ್ರವೇ ಒಂದು ಸಿದ್ಧಾಂತವನ್ನು ಕೊಟ್ಟಿದೆ. ಜಾರ್ಜ್ ಅಕರ್ಲಾಫ್ ೧೯೭೦ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಬಳಸಿದ ಮೋಟಾರು ಕಾರುಗಳ ಮಾರುಕಟ್ಟೆಯನ್ನು ನಿದರ್ಶನವಾಗಿಟ್ಟುಕೊಂಡು, ವಸ್ತುವಿನ ದೋಷ ಮಾರುವವನಿಗೆ ತಿಳಿದಿದ್ದು ಕೊಳ್ಳುವವನಿಗೆ ತಿಳಿಯದಿದ್ದರೆ ಏನಾಗುತ್ತದೆಂಬುದನ್ನು ವಿವರಿಸಿದರು. ಕೊಳ್ಳುವವನು ಸಂಶಯದಿಂದ ಕಡಿಮೆ ಬೆಲೆಯನ್ನೇ ಹೇಳುತ್ತಾನೆ; ಆ ಬೆಲೆಗೆ ಒಳ್ಳೆಯ ವಸ್ತುವಿನ ಒಡೆಯನು ಮಾರಲೊಲ್ಲನು; ಕ್ರಮೇಣ ಸಂತೆಯಲ್ಲಿ ಕೆಟ್ಟುದೇ ಉಳಿಯುತ್ತದೆ. ಈ ವಿಚಾರಧಾರೆಗಾಗಿ ಅವರು ೨೦೦೧ರಲ್ಲಿ ಮೈಕೇಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಸ್ ಅವರೊಡನೆ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು. ಅಂತರಜಾಲದ ಅಂಗಡಿಗಳು ಪ್ರತಿಯ ಸ್ಥಿತಿಯನ್ನು ‘ಹೊಸದರಂತೆ’, ‘ಬಹಳ ಚೆನ್ನ’, ‘ಚೆನ್ನ’, ‘ಅಡ್ಡಿಯಿಲ್ಲ’ ಎಂದು ದರ್ಜೆಗಟ್ಟುವುದು, ಮಾರುವವನ ಬಗ್ಗೆ ಹಿಂದಿನ ಗ್ರಾಹಕರ ಅಭಿಪ್ರಾಯಗಳನ್ನು ತೋರಿಸುವುದು, ಹಿಂದಿರುಗಿಸಲು ಅವಕಾಶ ಕೊಡುವುದು, ಇವೆಲ್ಲ ಈ ಅಜ್ಞಾನವನ್ನು ತಗ್ಗಿಸುವ ಉಪಾಯಗಳೇ.

ತೋರಿಸಿದ ಬೆಲೆಯನ್ನೂ ಹಾಗೆಯೇ ನಂಬಲಾಗದು. ೨೦೧೧ರ ಏಪ್ರಿಲ್ ತಿಂಗಳಲ್ಲಿ ನೊಣದ ಬೆಳವಣಿಗೆಯನ್ನು ಕುರಿತ ಒಂದು ಜೀವವಿಜ್ಞಾನ ಗ್ರಂಥದ ಬೆಲೆ ಅಮೆಜಾನ್ ಅಂಗಡಿಯಲ್ಲಿ ಎರಡು ಕೋಟಿ ಮೂವತ್ತು ಲಕ್ಷ ಡಾಲರನ್ನು ದಾಟಿತ್ತು. ಇಬ್ಬರು ವ್ಯಾಪಾರಿಗಳ ಗಣಕಯಂತ್ರಗಳು ಪರಸ್ಪರರ ಬೆಲೆಯನ್ನು ನೋಡಿ ತಮ್ಮ ಬೆಲೆಯನ್ನು ತಾವೇ ನಿಗದಿ ಮಾಡಿಕೊಳ್ಳುತ್ತಿದ್ದವು. ಒಂದು ಯಂತ್ರ ಮತ್ತೊಂದರ ಬೆಲೆಗಿಂತ ತುಸು ಕಡಿಮೆ ಇಡುತ್ತಿತ್ತು, ಮತ್ತೊಂದು ಆ ಬೆಲೆಯ ಒಂದೂಕಾಲು ಪಾಲಿಗೂ ಹೆಚ್ಚು ಇಡುತ್ತಿತ್ತು. ತಡೆಯುವ ಮನುಷ್ಯನಿಲ್ಲದೆ ಬೆಲೆ ಆಕಾಶಕ್ಕೇರಿತು. ಅಚ್ಚಿನಲ್ಲಿಲ್ಲದ ವಿದ್ವತ್‌ಗ್ರಂಥಗಳಿಗೆ ಇಂದು ಕಾಣಿಸುವ ಅತಿರೇಕದ ಬೆಲೆಗಳ ಮುಂದೆ ಈ ಪ್ರಸಂಗವನ್ನು ನೆನೆಯುವುದು ಲೇಸು. ಕಾದು ನೋಡುವವನಿಗೆ ನಷ್ಟವಿಲ್ಲ.

ಬಳಸಿದ ಪ್ರತಿಯ ಮಾರಾಟ ನ್ಯಾಯವೇ ಎಂಬ ಪ್ರಶ್ನೆಯೂ ಎದ್ದಿದೆ. ಹಳೆಯ ಪ್ರತಿ ಮಾರಿದಾಗ ಲೇಖಕನಿಗಾಗಲಿ ಪ್ರಕಾಶಕನಿಗಾಗಲಿ ಒಂದು ಕಾಸೂ ಸೇರುವುದಿಲ್ಲವೆಂದು ೨೦೦೨ರಲ್ಲಿ ಅಮೆರಿಕದ ಲೇಖಕರ ಸಂಘವು ಆಕ್ಷೇಪಿಸಿತು. ಈ ಅಳಲು ತಳ್ಳಿಹಾಕುವಂತಹುದಲ್ಲ. ವಿದ್ವತ್‌ಗ್ರಂಥವನ್ನು ಬರೆಯಲು ವರ್ಷಗಳ ತಪಸ್ಸು ಬೇಕು. ಅದನ್ನು ಅಚ್ಚುಮಾಡಲು ಬಂಡವಾಳ ಬೇಕು. ಆದರೆ ಮೊದಲ ಮಾರಾಟದಲ್ಲಿ ಸಲ್ಲಬೇಕಾದ ಬೆಲೆ ಸಂದಿರುತ್ತದೆ. ಹಣ ಕೊಟ್ಟು ಕೊಂಡವನು ಆ ಪ್ರತಿಯ ಒಡೆಯನು. ನಾಳೆ ಮಾರಿಕೊಳ್ಳಬಹುದೆಂಬ ಭರವಸೆ ಇರುವುದರಿಂದಲೇ ಎಷ್ಟೋ ಮಂದಿ ಇಂದು ಹೊಸ ಪ್ರತಿಗೆ ದೊಡ್ಡ ಬೆಲೆ ತೆರುತ್ತಾರೆ. ಹೀಗಾಗಿ ಹಳೆಯ ಪುಸ್ತಕದ ಸಂತೆ ಹೊಸ ಪುಸ್ತಕದ ಅಂಗಡಿಗೆ ಆಧಾರವೂ ಹೌದು.

ಈ ಒಡೆತನದ ಪ್ರಶ್ನೆ ನ್ಯಾಯಾಲಯವನ್ನೂ ಏರಿತು. ಥೈಲೆಂಡಿನಿಂದ ಅಮೆರಿಕಕ್ಕೆ ಓದಲು ಹೋದ ಸುಪಾಪ್ ಕೀರ್ತ್‌ಸೆಂಗ್ ಎಂಬ ವಿದ್ಯಾರ್ಥಿಯು, ತನ್ನ ದೇಶದಲ್ಲಿ ಅಗ್ಗವಾಗಿ ದೊರೆಯುತ್ತಿದ್ದ ಪಠ್ಯಗ್ರಂಥಗಳ ಏಷ್ಯನ್ ಆವೃತ್ತಿಗಳನ್ನು ಬಂಧುಮಿತ್ರರಿಂದ ತರಿಸಿಕೊಂಡು ಅಂತರಜಾಲದಲ್ಲಿ ಮಾರಿದನು. ಜಾನ್ ವೈಲಿ ಪ್ರಕಾಶನ ಸಂಸ್ಥೆ ದಾವೆ ಹೂಡಿತು. ಕೆಳಗಿನ ನ್ಯಾಯಾಲಯದಲ್ಲಿ ಅವನ ಮೇಲೆ ಆರು ಲಕ್ಷ ಡಾಲರುಗಳ ಹೊರೆ ಬಿತ್ತು. ೨೦೧೩ರ ಮಾರ್ಚ್ ೧೯ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಆರು ಮೂರರ ಬಹುಮತದಿಂದ ಅವನ ಪರವಾಗಿ ತೀರ್ಪಿತ್ತಿತು: ನ್ಯಾಯವಾಗಿ ತಯಾರಾಗಿ ನ್ಯಾಯವಾಗಿ ಕೊಂಡ ಪ್ರತಿ ಯಾವ ದೇಶದಲ್ಲಿ ಅಚ್ಚಾಗಿದ್ದರೂ ಅದನ್ನು ಮರಳಿ ಮಾರುವ ಹಕ್ಕು ಕೊಂಡವನಿಗೆ ಉಂಟು. ಭಾರತದ ೧೯೫೭ರ ಕೃತಿಸ್ವಾಮ್ಯ ಅಧಿನಿಯಮವೂ ಒಮ್ಮೆ ಮಾರಾಟವಾದ ಪ್ರತಿಯನ್ನು ಚಲಾವಣೆಗೆ ಬಂದ ಪ್ರತಿಯೆಂದೇ ಭಾವಿಸುತ್ತದೆ. ಬಳಸಿದ ಗ್ರಂಥವನ್ನು ಮಾರುವ ವಿದ್ಯಾರ್ಥಿಯೂ ಅದನ್ನು ಕೊಳ್ಳುವ ವಿದ್ಯಾರ್ಥಿಯೂ ಸಂಕೋಚಪಡಬೇಕಾದ ಕಾರಣವಿಲ್ಲ.

ಆದರೆ ನ್ಯಾಯಾಲಯದಲ್ಲಿ ಗೆದ್ದ ಹಕ್ಕು ಮಾರುಕಟ್ಟೆಯಲ್ಲಿ ಮೆಲ್ಲನೆ ಜಾರುತ್ತಿದೆ. ಆತಂಕಪಡಬೇಕಾದುದು ಇಲ್ಲಿ. ದೊಡ್ಡ ಪಠ್ಯಗ್ರಂಥ ಪ್ರಕಾಶಕರು ಮುದ್ರಿತ ಪ್ರತಿಯಿಂದ ಗಣಕಪ್ರತಿಯ ಕಡೆಗೆ ಹೊರಳುತ್ತಿದ್ದಾರೆ. ಪಿಯರ್ಸನ್ ಸಂಸ್ಥೆ ೨೦೧೯ರಲ್ಲಿಯೇ ಅಮೆರಿಕದ ತನ್ನ ಪಠ್ಯಗಳಿಗೆ ಈ ನೀತಿಯನ್ನು ಸಾರಿತು. ಗಣಕಪ್ರತಿಯನ್ನು ವಿದ್ಯಾರ್ಥಿ ಕೊಳ್ಳುತ್ತಾನೆಂದು ಹೇಳಿದರೂ ನಿಜವಾಗಿ ಅವನಿಗೆ ಸಿಗುವುದು ಕೆಲಕಾಲ ಓದುವ ಅನುಮತಿ ಮಾತ್ರ. ಅವಧಿ ತೀರಿದ ಮೇಲೆ ಪುಸ್ತಕವಿಲ್ಲ. ಮಾರುವಂತಿಲ್ಲ, ತಮ್ಮನಿಗೆ ಕೊಡುವಂತಿಲ್ಲ, ಶಾಲೆಗೆ ದಾನ ಮಾಡುವಂತಿಲ್ಲ. ಗಣಕಪುಸ್ತಕವನ್ನು ಮುದ್ರಿತ ಪುಸ್ತಕದಂತೆ ಮರುಮಾರಾಟ ಮಾಡಲಾಗದೆಂದು ಐರೋಪ್ಯ ಒಕ್ಕೂಟದ ನ್ಯಾಯಾಲಯವು ೨೦೧೯ರ ಡಿಸೆಂಬರಿನಲ್ಲಿ ತೀರ್ಮಾನಿಸಿತು. ಮುದ್ರಿತ ಪ್ರತಿಯೊಡನೆ ಬರುವ ಪ್ರವೇಶಸಂಕೇತಗಳ ಪಾಡೂ ಇದೇ: ಮೊದಲ ಒಡೆಯನು ಬಳಸಿದ ಮೇಲೆ ಎರಡನೆಯವನಿಗೆ ಅವು ನಿರುಪಯುಕ್ತ. ಗಣಕಪ್ರತಿಯಲ್ಲಿ ಅನುಕೂಲವಿಲ್ಲವೆಂದಲ್ಲ, ಹುಡುಕುವುದು ಸುಲಭ, ಹೊರೆ ಇಲ್ಲ, ಮೊದಲ ಬೆಲೆಯೂ ಹಲವು ವೇಳೆ ಕಡಿಮೆ. ಆದರೆ ಆ ಕಡಿಮೆ ಬೆಲೆಯನ್ನು ಅಣ್ಣನೂ ತೆರಬೇಕು, ತಮ್ಮನೂ ತೆರಬೇಕು. ಒಂದು ಮುದ್ರಿತ ಪ್ರತಿ ಐದು ಮಂದಿಯ ಕೈದಾಟಿದರೆ ಬೀಳುವ ಖರ್ಚನ್ನು ಲೆಕ್ಕಹಾಕಿದವರಿಗೆ ಯಾವುದು ಅಗ್ಗವೆಂಬುದು ತಾನೇ ತಿಳಿಯುತ್ತದೆ.

ಪುಸ್ತಕ ಕೈಯಿಂದ ಕೈಗೆ ಸಾಗುವುದರ ಮಹಿಮೆಗೆ ಕನ್ನಡನಾಡಿನಲ್ಲಿಯೇ ಒಂದು ನಿದರ್ಶನವಿದೆ. ಇಂದು ‘ಅರ್ಥಶಾಸ್ತ್ರ’ವೆಂಬ ಮಾತು ಆಧುನಿಕ ಶಾಸ್ತ್ರದ ಹೆಸರಾಗಿದೆ, ಆ ಹೆಸರಿನ ಪ್ರಾಚೀನ ಕೃತಿ, ಕೌಟಿಲ್ಯನ ರಾಜನೀತಿಗ್ರಂಥ, ಶತಮಾನಗಳ ಕಾಲ ವಿದ್ವಾಂಸರ ಕಣ್ಣಿಗೆ ಬೀಳದೆ ಇತ್ತು. ತಂಜಾವೂರು ಸೀಮೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ಓಲೆಗರಿಯ ಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದರು. ಅಲ್ಲಿ ಆರ್. ಶಾಮಾಶಾಸ್ತ್ರಿಗಳು ಅದರ ಮಹತ್ತ್ವವನ್ನು ಗುರುತಿಸಿ ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಇಂಗ್ಲಿಷ್ ಅನುವಾದವನ್ನೂ ಬೆಳಕಿಗೆ ತಂದರು. ಆ ಓಲೆಯ ಕಟ್ಟೂ ಹಲವರು ಬಳಸಿದ ಹಳೆಯ ಪ್ರತಿಯೇ. ಒಬ್ಬನ ಅವಧಿ ತೀರಿದೊಡನೆ ಅದು ಮಾಯವಾಗುವಂತಿದ್ದರೆ ಮೈಸೂರನ್ನು ತಲಪುತ್ತಲೇ ಇರಲಿಲ್ಲ. ಮುಂದೆ ಇದೇ ಗ್ರಂಥದ ಪರಿಷ್ಕೃತ ಆವೃತ್ತಿಯನ್ನು ಆರ್. ಪಿ. ಕಂಗಲೆಯವರು ೧೯೬೦ರಿಂದ ೧೯೬೫ರವರೆಗೆ ಮೂರು ಭಾಗಗಳಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಮೂಲಕ ಹೊರತಂದರು. ಅಂತರಜಾಲದಲ್ಲಿ ಈ ಹೆಸರನ್ನು ಹುಡುಕುವವನು ಯಾವ ಸಂಪಾದಕರದು, ಯಾವ ಭಾಗ ಎಂದು ನೋಡದೆ ಹಣ ತೆತ್ತರೆ ಕೈಗೆ ಬೇರೆಯದೇ ಪುಸ್ತಕ ಬಂದೀತು.

ಇಷ್ಟರಿಂದ ವಿದ್ಯಾಸಂಸ್ಥೆಗಳು ತಿಳಿಯಬೇಕಾದುದೇನು? ಅಧ್ಯಾಪಕರು ವಿದ್ಯಾರ್ಥಿಗಳಿಗೆ ಗ್ರಂಥದ ಹೆಸರನ್ನಷ್ಟೇ ಹೇಳದೆ ಆವೃತ್ತಿಯನ್ನೂ ಹೇಳಬೇಕು. ಹಳೆಯ ಆವೃತ್ತಿ ಸಾಕಾಗುವಲ್ಲಿ ಸಾಕೆಂದು ಧೈರ್ಯವಾಗಿ ಸೂಚಿಸಬೇಕು. ಕೊಳ್ಳುವಾಗ ಪುಸ್ತಕದ ಐ.ಎಸ್.ಬಿ.ಎನ್. ಸಂಖ್ಯೆಯನ್ನು ಹೊಂದಿಸಿ ನೋಡಬೇಕು. ೨೦೦೭ರಿಂದ ಈಚಿನದು ೧೩ ಅಂಕಿಗಳದು, ಅದಕ್ಕೆ ಮುಂಚಿನದು ೧೦ ಅಂಕಿಗಳದು. ಅಂಚೆಯ ವೆಚ್ಚವನ್ನು ಕೂಡಿಸಿದ ಮೇಲೆಯೇ ಅಗ್ಗವೋ ಅಲ್ಲವೋ ಎಂದು ನಿರ್ಣಯಿಸಬೇಕು. ನಂಬಲಾಗದಷ್ಟು ಅಗ್ಗವಾದ ‘ಹೊಸ’ ಪ್ರತಿ ಕಳ್ಳಮುದ್ರಣವಾಗಿರಬಹುದು. ಅದನ್ನು ಕೊಳ್ಳುವುದು ಲೇಖಕನ ಅನ್ನವನ್ನು ಕಸಿದಂತೆ. ಬಳಸಿದ ಪ್ರತಿಗೂ ಕದ್ದ ಪ್ರತಿಗೂ ಇರುವ ಭೇದವನ್ನು ವಿದ್ಯಾರ್ಥಿಗಳಿಗೆ ತಿಳಿಹೇಳುವುದೂ ಶಿಕ್ಷಣವೇ ಸರಿ. ಕೃತಿಸ್ವಾಮ್ಯದ ಅವಧಿ ಮುಗಿದ ಗ್ರಂಥಗಳಿಗಾಗಿ ಹೆಚ್ಚು ಹಣ ವ್ಯಯಿಸಬೇಕಾಗಿಲ್ಲ. ಡಾ. ಅಂಬೇಡ್ಕರರ ‘ರೂಪಾಯಿಯ ಸಮಸ್ಯೆ’ ೧೯೨೩ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದುದು. ಮಹಾರಾಷ್ಟ್ರ ಸರ್ಕಾರ ಹೊರತಂದ ಅವರ ಸಮಗ್ರ ಬರೆಹಗಳ ಆರನೆಯ ಸಂಪುಟದಲ್ಲಿ ಅದೇ ಪಾಠ ಸಿಗುತ್ತದೆ. ಮೊದಲ ಮುದ್ರಣದ ಪ್ರತಿ ಸಂಗ್ರಾಹಕನಿಗಿರಲಿ. ಓದುಗನಿಗೆ ಸಂಪುಟ ಸಾಕು.

ಹಿರಿಯ ವಿದ್ಯಾರ್ಥಿಗಳ ಮನೆಗಳಲ್ಲಿ ಪದವಿಯ ಕಾಲದ ಗ್ರಂಥಗಳು ಅಟ್ಟದ ಮೇಲೆ ಧೂಳು ಹಿಡಿದು ಕುಳಿತಿರುವುದುಂಟು. ಅವುಗಳಲ್ಲಿ ಒಂದೊಂದೂ ಇನ್ನೊಬ್ಬನ ವ್ಯಾಸಂಗದ ಮೂಲಧನವಾಗಬಲ್ಲುದು. ದಾನಿಗಳು ಗ್ರಂಥಾಲಯಕ್ಕೆಂದು ಕೊಡುವ ಹಣದಲ್ಲಿ ಒಂದು ಪಾಲನ್ನು ಬಳಸಿದ ಪ್ರತಿಗಳ ಖರೀದಿಗೆ ಮೀಸಲಿಡಲು ಸೂಚಿಸಿದರೆ, ಒಂದು ಹೊಸ ಪ್ರತಿಯ ಬೆಲೆಗೆ ಹಲವು ಪ್ರತಿಗಳು ಬಂದು ಹಲವು ಮಕ್ಕಳ ಕೈಸೇರುತ್ತವೆ. ಹೊಳೆಯುವ ಹೊದಿಕೆಯ ಸಾಲುಗಳು ಭೇಟಿಗೆ ಬಂದವರ ಕಣ್ಣಿಗೆ ಹಬ್ಬವಾಗಬಹುದು. ಗ್ರಂಥಾಲಯದ ನಿಜವಾದ ಸಂಪತ್ತು ಮೂಲೆ ಮಡಿಚಿದ, ಹಲವರ ಹೆಸರು ಹೊತ್ತ, ಇನ್ನೂ ಓದಿಗೆ ಒದಗುತ್ತಿರುವ ಪ್ರತಿಗಳಲ್ಲಿದೆ. ಮುದ್ರಿತ ಪ್ರತಿಯನ್ನು ಕೊಳ್ಳುವ, ಕೊಡುವ, ಮರಳಿ ಮಾರುವ ಈ ಹಕ್ಕನ್ನು ಬಳಸುತ್ತಿದ್ದರೆ ಮಾತ್ರ ಅದು ಉಳಿಯುತ್ತದೆ. ಮುಂದಿನ ಪೀಳಿಗೆಯ ಬಡ ವಿದ್ಯಾರ್ಥಿಗೆ ಅದನ್ನು ಉಳಿಸಿಕೊಡುವುದು ಇಂದಿನವರ ಕರ್ತವ್ಯ.